ಊಟದ ಹೊತ್ತಿಗೆ ಒಂದು ಒಳ್ಳೆಯ ಮಾತು

ಮನೆ, ಅಡುಗೆಮನೆಯ ಮೇಜು
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಚೆಕಿಂಗ್ ಮೇಡಂಗೆ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಡಾಕ್ಟರು ಬರೆದುಕೊಟ್ಟ ರಕ್ತ ಹೆಚ್ಚಿಸುವ ಮಾತ್ರೆ ಇಷ್ಟು ಹೊತ್ತಿಗೆ ಮುಗಿದಿರಬೇಕು. ಮುಗಿದಿದ್ದರೆ ಅಲ್ಲೇ ಅಂಗಡಿಯಲ್ಲಿ ತೆಗೆದುಕೋ, ಚೀಟಿ ನಿನ್ನ ನೀಲಿ ಬ್ಯಾಗಿನ ಒಳಜೇಬಿನಲ್ಲಿದೆ. ಮಾತ್ರೆ ನುಂಗಿದ ಮೇಲೆ ಸ್ವಲ್ಪ ಹೊತ್ತು ಟೀ ಕುಡಿಯಬಾರದು ಎಂದಿದ್ದರು. ನೀನು ಕುಡಿಯುತ್ತೀಯ ಎಂದು ನನಗೆ ಗೊತ್ತು. ಅತ್ತೆಯ ಮಂಡಿ ಹೇಗಿದೆ? ಅವರಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ಮೇಲಿನ ಕೆಲಸ, ಕೆಳಗಿನ ಕೆಲಸ ಎಲ್ಲವನ್ನೂ ನೀನೇ ಮೈಮೇಲೆ ಹಾಕಿಕೊಂಡು ಓಡಾಡಬೇಡ. ನೀನು ಅಮ್ಮನ ಮನೆಗೆ ಹೋಗಿರುವುದು ಮಲಗುವುದಕ್ಕೆ. ಮಲಗು. ನಿದ್ದೆ ಬರದಿದ್ದರೂ ಸುಮ್ಮನೆ ಮಲಗಿರು.

ನನ್ನ ವಿಷಯ ಏನು ಬರೆಯಲಿ. ನೀನು ಹೋಗಿ ಇವತ್ತಿಗೆ ಹತ್ತೊಂಬತ್ತು ದಿನ. ಬಸ್ಸು ಹತ್ತುವ ಮುಂಚೆ ನೀನು ಹೇಳಿದ್ದು ಎರಡೇ ಮಾತು: "ಫೋನ್ ಮಾಡ್ಬೇಡಿ. ಫೋನಲ್ಲಿ ನೀವು ಆಫೀಸಿನವರ ಥರ ಮಾತಾಡ್ತೀರ ರೀ, ಏನಾದ್ರೂ ಇದ್ರೆ ಬರೀರಿ." ಮಾತು ನಿಜವೇ. ಎಂಟು ವರ್ಷ ನೀರು ಸರಬರಾಜಿನ ಆಫೀಸಿನಲ್ಲಿ ದೂರು ಬರೆದುಕೊಳ್ಳುವ ಕುರ್ಚಿಯಲ್ಲಿ ಕೂತು ಕೂತು, ಫೋನು ಕಿವಿಗೆ ತಾಗಿದೊಡನೆ ನನ್ನ ಗಂಟಲಿನಿಂದ ಬೇರೆ ಯಾರೋ ಮಾತಾಡತೊಡಗುತ್ತಾರೆ. ಮೊನ್ನೆ ಅತ್ತೆ ಫೋನ್ ಮಾಡಿದಾಗಲೂ "ನಮಸ್ಕಾರ, ಹೇಳಿ, ನಿಮ್ಮ ಸಮಸ್ಯೆ ಏನು" ಎಂದುಬಿಟ್ಟೆ. ಪಾಪ, ಅವರು ಗಾಬರಿಯಾಗಿ, ಅಳಿಯಂದಿರು ಸಿಟ್ಟಾಗಿದ್ದಾರೆ ಎಂದುಕೊಂಡು ಫೋನು ಇಟ್ಟೇಬಿಟ್ಟರು. ಸಿಟ್ಟಲ್ಲ ಎಂದು ಅವರಿಗೆ ಹೇಳು. ಅಂತೂ ಬರೆಯಲು ಕೂತಿದ್ದೇನೆ. ನಾಲ್ಕು ಹಾಳೆ ಆಗಲೇ ಕಸದ ಬುಟ್ಟಿ ಸೇರಿವೆ. ಇದು ಐದನೆಯದು, ಇದನ್ನು ಹೇಗೇ ಬಂದರೂ ಹರಿಯುವುದಿಲ್ಲ.

ಅಡುಗೆಯ ವಿಷಯ ಕೇಳಬೇಡ. ಮೊದಲ ವಾರ ದಿನಾ ಮಾಡಿದೆ. ನೀನು ಕಲಿಸಿಕೊಟ್ಟ ಹಾಗೆಯೇ, ಒಂದೇ ಪಾತ್ರೆಯಲ್ಲಿ ಅಕ್ಕಿ, ಬಟಾಣಿ, ಕ್ಯಾರೆಟ್ಟು, ಮೇಲೊಂದು ಚಮಚ ಬೆಣ್ಣೆ. ಆದರೆ ಒಬ್ಬನಿಗೆ ಎಷ್ಟು ಅಕ್ಕಿ ಹಾಕಬೇಕು ಎಂದು ಕೈಗೆ ಗೊತ್ತಿಲ್ಲ. ಇಬ್ಬರಿಗಾಗುವಷ್ಟು ಬೇಯುತ್ತಿತ್ತು, ಉಳಿದದ್ದನ್ನು ಮಾರನೆಯ ದಿನ ತಿನ್ನಲಾಗದೆ ಚೆಲ್ಲುತ್ತಿದ್ದೆ. ಈಗ ಬ್ರೆಡ್ಡು, ಬೇಯಿಸಿದ ಮೊಟ್ಟೆ. ಅದನ್ನೂ ಒಲೆಯ ಪಕ್ಕ ನಿಂತೇ ತಿನ್ನುತ್ತೇನೆ, ಮೇಜಿನ ಮುಂದೆ ಕೂರುವುದಿಲ್ಲ. ನನ್ನ ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ, ಬೆಲ್ಟಿಗೆ ಮೊಳೆಯಿಂದ ಇನ್ನೊಂದು ತೂತು ಹೊಡೆದೆ. ಕೆಳಗಿನ ಮನೆಯ ಅಜ್ಜಿ ನೀನೆಲ್ಲಿ ಎಂದು ಮೂರು ಸಲ ಕೇಳಿದರು. ಅಮ್ಮನ ಮನೆ ಎಂದೆ. ಯಾವಾಗ ಬರುತ್ತಾಳೆ ಎಂದರು. ನನಗೆ ಗೊತ್ತಿದ್ದರೆ ತಾನೇ ಹೇಳುವುದು.

ನಿನಗೆ ನೆನಪಿದೆಯೇ, ಮದುವೆಯಾದ ಹೊಸತು, ಈ ಮನೆಗೆ ಬಂದು ಇಪ್ಪತ್ತು ದಿನವೂ ಆಗಿರಲಿಲ್ಲ. ನಾನು ಬೇಗ ಬಂದು ಅನ್ನ ಮಾಡಿ, ಆಲೂಗಡ್ಡೆ ಹುರಿದು, ಭಾರೀ ಶೂರನ ಹಾಗೆ ನಿನ್ನ ದಾರಿ ಕಾಯುತ್ತಿದ್ದೆ. ನೀನು ಗಾರ್ಮೆಂಟ್ಸಿನಿಂದ ಬಂದು, ಕೈಕಾಲು ತೊಳೆದು, ತಟ್ಟೆಯ ಮುಂದೆ ಕೂತವಳೇ ತೋರುಬೆರಳು ಊರುತ್ತ ಹೋದೆ. "ಇಲ್ಲಿ ಸೀದಿದೆ. ಇಲ್ಲಿ ಹಸಿ. ಇದು ದಪ್ಪ ಹೆಚ್ಚಿದ್ದು, ಇದು ತೆಳ್ಳಗೆ. ಉಪ್ಪು ಒಂದೇ ಕಡೆ." ದಿನವಿಡೀ ಚೆಕಿಂಗ್ ಟೇಬಲ್ಲಿನಲ್ಲಿ ನಿಂತು ಓರೆ ಕಾಲರಿಗೆ, ಬಿಟ್ಟುಹೋದ ಹೊಲಿಗೆಗೆ ಕೆಂಪು ಸ್ಟಿಕ್ಕರ್ ಅಂಟಿಸಿದ ಬೆರಳು ಅದು, ಪಾಪ, ಮನೆಗೆ ಬಂದದ್ದು ಅದಕ್ಕೆ ಗೊತ್ತಾಗಿರಲಿಲ್ಲ. ನನ್ನ ಬಾಯಿಗೂ ಗೊತ್ತಾಗಲಿಲ್ಲ. "ಸರಿ ಮೇಡಂ, ನಿಮ್ಮ ದೂರು ಬರ್ಕೊಂಡಿದ್ದೀವಿ, ಎರಡು ದಿನದಲ್ಲಿ ಸರಿಹೋಗತ್ತೆ" ಎಂದೆ. ಇಬ್ಬರೂ ಒಂದು ಕ್ಷಣ ಮುಖ ಮುಖ ನೋಡಿಕೊಂಡೆವು. ಆಮೇಲೆ ನಕ್ಕದ್ದೇ ನಕ್ಕದ್ದು, ನಿನಗೆ ಬಿಕ್ಕಳಿಕೆಯೇ ಹತ್ತಿತು. ನಗುತ್ತ ನಗುತ್ತ ನೀನು ಅತ್ತುಬಿಟ್ಟೆ. "ಬೆಳಗ್ಗೆಯಿಂದ ತಪ್ಪು ಹುಡುಕಿ ಹುಡುಕಿ ಕಣ್ಣೇ ಹಾಳಾಗಿದೆ ರೀ. ಮನೇಲೂ ಅದೇ ಮಾಡ್ತಿದ್ದೀನಿ ನೋಡಿ" ಎಂದೆ. ಆ ದಿನವೇ ನಾವು ನಿಯಮ ಮಾಡಿದ್ದು. ರಾತ್ರಿ ಊಟದ ಮೇಜಿನಲ್ಲಿ ದೂರಿಲ್ಲ, ತಪ್ಪು ಹುಡುಕುವುದಿಲ್ಲ. ದಿನಕ್ಕೊಂದು ಒಳ್ಳೆಯ ಮಾತು, ನಾನೊಂದು, ನೀನೊಂದು. ಯಾವುದಕ್ಕಾದರೂ ಸರಿ, ಒಂದು ಥ್ಯಾಂಕ್ಸ್ ಹೇಳಿ ತುತ್ತು ಎತ್ತಬೇಕು.

ಎಂಥ ಚೆಂದದ ದಿನಗಳು ಅವು. ಹದಿನೈದು ನಿಮಿಷದ ಅಡುಗೆ, ಒಂದು ಗಂಟೆಯ ಊಟ. ಟೊಮೇಟೊ ಸೂಪಿಗೆ ಬ್ರೆಡ್ಡು ಅದ್ದಿಕೊಂಡು, ಸೋರೆಕಾಯಿಗೆ ಮೊಟ್ಟೆ ಒಡೆದು ಹಾಕಿ, ಏನೂ ಇಲ್ಲದ ದಿನ ಅನ್ನಕ್ಕೆ ಬೆಣ್ಣೆ, ಮೆಣಸಿನಪುಡಿ. ನಿನ್ನ ಥ್ಯಾಂಕ್ಸುಗಳೋ, ದೇವರಿಗೇ ಪ್ರೀತಿ. ಸೂಪರ್‌ವೈಸರಿಗೆ ಗಂಟಲು ಕಟ್ಟಿದೆ, ಅದಕ್ಕೆ ಥ್ಯಾಂಕ್ಸ್. ನಿಮ್ಮ ಗೊರಕೆಯಿಂದ ಅಲಾರಾಂ ಖರ್ಚು ಉಳೀತು, ಅದಕ್ಕೆ ಥ್ಯಾಂಕ್ಸ್. ನಾನು ಮಾತ್ರ ಆಫೀಸಿನಿಂದ ಬರುವಾಗಲೇ ದಾರಿಯುದ್ದಕ್ಕೂ ಏನು ಹೇಳಲಿ ಎಂದು ಯೋಚಿಸುತ್ತ ಬರುತ್ತಿದ್ದೆ, ಪರೀಕ್ಷೆಗೆ ಹೋಗುವ ಹುಡುಗನ ಹಾಗೆ. ಜಗತ್ತಿನಲ್ಲಿ ನಮ್ಮಷ್ಟು ಜಾಣ ಗಂಡಹೆಂಡತಿ ಇಲ್ಲ ಎಂದುಕೊಂಡಿದ್ದೆ. ಆಫೀಸಿನಲ್ಲಿ ಪಕ್ಕದ ಕುರ್ಚಿಯ ದೊಡ್ಡಣ್ಣನಿಗೂ, ಅವರು ಹೆಂಡತಿಯ ಜೊತೆ ಮಾತು ಬಿಟ್ಟಾಗಲೆಲ್ಲ, ನಮ್ಮ ನಿಯಮದ ಉಪದೇಶ ಮಾಡುತ್ತಿದ್ದೆ. ಅವರು ಕೇಳಿಸಿಕೊಂಡು, "ಜಗಳ ಆಡದೆ ಹೇಗಪ್ಪಾ ಸಂಸಾರ ಮಾಡ್ತೀರಿ ನೀವು" ಎನ್ನುತ್ತಿದ್ದರು. ಅವರಿಗೆ ಅಸೂಯೆ ಎಂದುಕೊಂಡೆ.

ಈಗ ಆ ದಿನದ ಮಾತು ಬರೆಯಬೇಕು. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಆದರೆ ನನಗೆ ಗೊತ್ತಾಗಿದೆ ಎಂದು ನಿನಗೆ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ. ನಿನಗೆ ನಾಲ್ಕು ತಿಂಗಳು ತುಂಬಿತ್ತು. ಸ್ಕ್ಯಾನಿಂಗಿಗೆ ಇಬ್ಬರೂ ಹೋಗುವುದೆಂದು ಮಾತಾಗಿತ್ತು. ಅವತ್ತೇ ಮಾರ್ಕೆಟ್ಟಿನ ಹತ್ತಿರ ದೊಡ್ಡ ಪೈಪು ಒಡೆದು ಅರ್ಧ ಊರಿಗೆ ನೀರಿಲ್ಲ. ರಜೆ ಕೊಡಲಿಲ್ಲ. "ನೀನು ಹೋಗಿ ಬಾ, ಸಂಜೆ ಎಲ್ಲ ಹೇಳು" ಎಂದೆ. ಬೆಳಗ್ಗೆಯಿಂದ ಸಂಜೆಯವರೆಗೆ ಜನರ ಬೈಗುಳ ತಿಂದು ಮನೆಗೆ ಬಂದಾಗ ಮೇಜಿನ ಮೇಲೆ ಅನ್ನ, ಬೇಯಿಸಿದ ಬೇಳೆ, ಬೀನ್ಸಿನ ಪಲ್ಯ. ಎಲ್ಲ ಬಿಸಿಬಿಸಿ. ಡಾಕ್ಟರು ಏನಂದರು ಎಂದು ಕೇಳಿದೆ. "ನಾಳೆ ಮತ್ತೆ ಬರೋಕೆ ಹೇಳಿದ್ದಾರೆ" ಎಂದೆ ನೀನು. ಅದೇನು, ಮೆಷಿನ್ನು ಕೆಟ್ಟಿತ್ತೇ ಎಂದೆ ನಾನು. ನೀನು ಅನ್ನ ಬಡಿಸುತ್ತಿದ್ದೆ. ನನ್ನ ಪ್ರಶ್ನೆಗೆ ನಾನೇ ಹೌದೆಂದುಕೊಂಡು ಕೈ ತೊಳೆಯಲು ಹೋದೆ.

ಮೊದಲು ನನ್ನ ಸರದಿ. ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತು ಹೇಳಿದೆ: "ಇವತ್ತು ಊರಿಗೆಲ್ಲ ನೀರಿಲ್ಲ. ಆದ್ರೆ ನಾವು ಮೂರು ಜನ ಒಟ್ಟಿಗೆ ಊಟಕ್ಕೆ ಕೂತಿದ್ದೀವಿ, ಅದಕ್ಕೆ ಥ್ಯಾಂಕ್ಸ್." ಚೆನ್ನಾಗಿ ಹೇಳಿದೆನೆಂದು ನನಗೇ ಹೆಮ್ಮೆ. ಆಮೇಲೆ ನಿನ್ನ ಸರದಿ. ನೀನು, "ಬಸ್ಸಲ್ಲಿ ಸೀಟು ಸಿಕ್ತು" ಎಂದೆ. ನಾನು ಜೋರಾಗಿ ನಕ್ಕೆ. "ಇಷ್ಟೇನಾ? ಇಡೀ ದಿನಕ್ಕೆ ಒಂದೇ ಒಂದು ಸೀಟಾ?" ಎಂದು ರೇಗಿಸಿದೆ. ನೀನೂ ನಕ್ಕೆ. ಆ ನಗು ನಕ್ಕದ್ದು ಹೇಗೆ ಎಂದು ಈಗ ದಿನಾ ಯೋಚಿಸುತ್ತೇನೆ. ಮಾರನೆಯ ಬೆಳಗ್ಗೆ ನಾನು ಬಾಗಿಲ ಹತ್ತಿರ ಕೂತು ಶೂ ಲೇಸು ಕಟ್ಟುತ್ತಿದ್ದಾಗ ನೀನು ಹಿಂದೆ ಬಂದು ನಿಂತು, "ರೀ, ಇವತ್ತು ನೀವೂ ಬರ್ಬೇಕು. ಮಗೂಗೆ ಎದೆಬಡಿತ ಇಲ್ಲ ಅಂದ್ರು ನಿನ್ನೆ" ಎಂದೆ. ಒಂದು ಕಾಲಿನ ಲೇಸು ಕಟ್ಟಿಯಾಗಿತ್ತು, ಇನ್ನೊಂದನ್ನು ಕಟ್ಟಲು ಬರಲಿಲ್ಲ. ಹಾಗೆಯೇ ಆಸ್ಪತ್ರೆಗೆ ಬಂದೆ.

ಆಸ್ಪತ್ರೆಯಲ್ಲಿ ಎರಡು ದಿನ ಇದ್ದೆವು. ಅಲ್ಲಿ ನೀನು ಬಸ್ಸಿನ ವಿಷಯ ಹೇಳಿದೆ. ಸ್ಕ್ಯಾನಿಂಗ್ ಮುಗಿಸಿ ಬಸ್ಸು ಹತ್ತಿ ಕಂಬಿ ಹಿಡಿದು ನಿಂತಿದ್ದೆಯಂತೆ. ಅಳುತ್ತಿದ್ದೇನೆಂದು ನಿನಗೇ ಗೊತ್ತಿರಲಿಲ್ಲವಂತೆ. ಯಾರೋ ವಯಸ್ಸಾದ ಹೆಂಗಸು ಏನೂ ಕೇಳದೆ ಎದ್ದು ನಿನ್ನನ್ನು ತನ್ನ ಜಾಗದಲ್ಲಿ ಕೂರಿಸಿ, ನಮ್ಮ ಸ್ಟಾಪು ಬರುವವರೆಗೆ ನಿನ್ನ ತಲೆ ತನ್ನ ಹೊಟ್ಟೆಗೆ ಒರಗಿಸಿಕೊಂಡು ನಿಂತಿದ್ದರಂತೆ. ನಾನು ನಕ್ಕಿದ್ದು ಆ ಸೀಟಿಗೆ. ಗುರುತು ಪರಿಚಯವಿಲ್ಲದ ಹೆಂಗಸಿಗೆ ತಿಳಿದದ್ದು, ಎದುರಿಗೆ ಕೂತು ಬೀನ್ಸು ಅಗಿಯುತ್ತಿದ್ದ ಗಂಡನಿಗೆ ತಿಳಿಯಲಿಲ್ಲ. ಯಾಕೆ ಆಗಲೇ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ನೀನು, "ಊಟದ ಹೊತ್ತಲ್ಲಿ ಹೇಗೆ ಹೇಳ್ಲಿ ರೀ" ಎಂದೆ. ಅಷ್ಟು ಸಹಜವಾಗಿ ಹೇಳಿದೆ. ನಿಯಮ ಮುರಿಯುವುದು ನಿನಗೆ ಹೊಳೆಯಲೇ ಇಲ್ಲ. ನಾವು ಒಬ್ಬರಿಗೊಬ್ಬರು ಪ್ರೀತಿಯಿಂದ ಕಟ್ಟಿದ್ದ ಗೋಡೆ ಅಷ್ಟು ಗಟ್ಟಿಯಾಗಿತ್ತು.

ಅಷ್ಟಾದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ನಿನ್ನನ್ನು ಮನೆಗೆ ಕರೆತಂದ ದಿನ ಮೊಟ್ಟೆ ಬೇಯಿಸಿ, ಗಂಜಿ ಮಾಡಿ, ಎದುರಿಗೆ ಕೂತು, "ನೀನು ಉಳ್ಕೊಂಡೆಯಲ್ಲ, ಅದಕ್ಕೆ ಥ್ಯಾಂಕ್ಸ್" ಎಂದೆ. ಮನಸ್ಸಿನಿಂದಲೇ ಹೇಳಿದ್ದು. ಆದರೆ ಹಾಗೆ ಹೇಳಿ ಮಗುವಿನ ಮಾತು ಅಲ್ಲಿಗೆ ಮುಗಿಸಿಬಿಟ್ಟೆ. ಆಮೇಲೆ ಆರು ವಾರ ದಿನಾ ರಾತ್ರಿ ನೀನು ನಿನ್ನ ಸರದಿ ಬಂದಾಗ ಏನಾದರೂ ಹೇಳುತ್ತಿದ್ದೆ. ಅನ್ನ ಬೆಂದಿದೆ, ಥ್ಯಾಂಕ್ಸ್. ನಲ್ಲೀಲಿ ನೀರು ಬಂತು, ಥ್ಯಾಂಕ್ಸ್. ಬಟ್ಟೆ ಒಣಗಿತು. ನಾನು ಕೇಳಿ ಸಮಾಧಾನಪಟ್ಟುಕೊಂಡು, ಸುಧಾರಿಸಿಕೊಳ್ಳುತ್ತಿದ್ದಾಳೆ ಎಂದು ದೊಡ್ಡಣ್ಣನಿಗೆ ಹೇಳಿದೆ. ನೀನು ಒಂದೊಂದೇ ಬಾಗಿಲು ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದೆ, ನಾನು ಹೊರಗೆ ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಕೊನೆಯ ದಿನ ನೀನು, "ಇವತ್ತು ಹೇಳೋಕೆ ಏನೂ ಇಲ್ಲ" ಎಂದೆ. ಸುಮ್ಮನಿರಬೇಕಿತ್ತು ನಾನು. ಇಲ್ಲ, ಬುದ್ಧಿವಂತ. "ಯೋಚನೆ ಮಾಡು, ಏನಾದ್ರೂ ಇದ್ದೇ ಇರುತ್ತೆ" ಎಂದೆ. ಅದೂ ಆ ಹಾಳು ಆಫೀಸಿನ ದನಿಯಲ್ಲಿ. ನೀನು ತಟ್ಟೆ ಸಿಂಕಿನಲ್ಲಿಟ್ಟು ಎದ್ದುಹೋದೆ. ಮಾರನೆಯ ದಿನ ಬ್ಯಾಗು ತುಂಬಿಸಿದೆ. ಜಗಳವಿಲ್ಲ, ಒಂದು ಗಟ್ಟಿ ಮಾತಿಲ್ಲ. ಬಸ್ಸಿನ ಕಿಟಕಿಯಿಂದ ಕೈ ಬೀಸಿದೆ ಕೂಡ.

ಹೋದ ವಾರ ಆಫೀಸಿನಲ್ಲಿ ಒಬ್ಬಾಕೆಯ ಫೋನು ಬಂತು. ನೀರಿನ ವಿಷಯಕ್ಕೇ ಮಾಡಿದ್ದು. ಆದರೆ ನೀರಿನಿಂದ ಹೊರಟು ಮಾವನ ಕಾಯಿಲೆ, ಮೇಲಿನ ಮನೆಯವರ ಮೋಸ, ಮಗ ಮಾತಾಡಿಸದಿರುವುದು, ಎಲ್ಲ ಹೇಳಿದರು. ಮೊದಲಾಗಿದ್ದರೆ "ಅದು ನಮ್ಮ ವಿಭಾಗಕ್ಕೆ ಬರಲ್ಲಮ್ಮ" ಎನ್ನುತ್ತಿದ್ದೆ. ಅವತ್ತು ಸುಮ್ಮನೆ ಕೇಳಿದೆ. ಕೊನೆಗೆ ಆಕೆ, "ಅಯ್ಯೋ, ಏನೇನೋ ಹೇಳ್ಬಿಟ್ಟೆ, ಹಗುರಾಯ್ತು ಕಣಪ್ಪ" ಎಂದು ಫೋನಿಟ್ಟರು, ಬೀದಿಯ ಹೆಸರು ಹೇಳುವುದನ್ನೇ ಮರೆತು. ನಾನು ಎದ್ದು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಈ ಊರಿನ ಪ್ರತಿಯೊಬ್ಬರಿಗೂ ನನಗೆ ದೂರು ಹೇಳುವ ಹಕ್ಕಿದೆ. ನನ್ನ ಹೆಂಡತಿಯೊಬ್ಬಳಿಗೆ ಇರಲಿಲ್ಲ. ದೊಡ್ಡಣ್ಣ ಹೊರಗೆ ಕಾಯುತ್ತಿದ್ದರು. ಕರೆದುಕೊಂಡು ಹೋಗಿ ಟೀ ಕುಡಿಸಿದರು.

ಬಾ ಎಂದು ಕರೆಯುವ ಮುಖ ನನಗಿಲ್ಲ. ಕರೆದರೆ ನೀನು ಬರುತ್ತೀಯ, ಅದೇ ನನ್ನ ಹೆದರಿಕೆ. ಬಂದು, ಅಡುಗೆ ಮಾಡಿ, ಎದುರಿಗೆ ಕೂತು, ಅನ್ನ ಬೆಂದಿದೆ ಎನ್ನುತ್ತೀಯ. ಇನ್ನು ನಲವತ್ತು ವರ್ಷ ಹಾಗೆಯೇ ನಡೆದುಹೋಗುತ್ತದೆ. ನನಗೆ ಅದು ಬೇಡ. ಆದರೆ ಬೇರೆ ಹೇಗೆ ಬದುಕಬೇಕೆಂದೂ ಗೊತ್ತಿಲ್ಲ. ಸಂಜೆ ಆಫೀಸಿನಿಂದ ಬರುವಾಗ ಹಳೇ ಅಭ್ಯಾಸಕ್ಕೆ ಮನಸ್ಸು ಒಂದು ಒಳ್ಳೆಯ ಮಾತು ಹುಡುಕಲು ಶುರುಮಾಡುತ್ತದೆ. ಬೀದಿಯ ತುದಿಯವರೆಗೆ ಹುಡುಕುತ್ತೇನೆ, ಒಂದೂ ಸಿಗುವುದಿಲ್ಲ. ಮೆಟ್ಟಿಲು ಹತ್ತಿ ಬೀಗ ತೆಗೆಯುತ್ತೇನೆ. ಎಲ್ಲ ಸರಿಹೋಗುತ್ತದೆ ಎಂದು ದಿನಕ್ಕೆ ನೂರು ಜನಕ್ಕೆ ಹೇಳುವವನು ನಾನು. ನಿನಗೆ ಹೇಳಲಾರೆ. ನನಗೇ ನಂಬಿಕೆಯಿಲ್ಲ.

ಅತ್ತೆಗೆ ನನ್ನ ನಮಸ್ಕಾರ ತಿಳಿಸು, ಅವತ್ತಿನ ಫೋನಿಗೆ ಕ್ಷಮೆಯನ್ನೂ ಕೇಳು. ಬೆಳಗಿನ ಹೊತ್ತು ಚಳಿಯಿದ್ದರೆ ಕಿವಿ ಮುಚ್ಚಿಕೋ, ಊಟ ಬಿಡಬೇಡ. ನಿನಗೆ ಒಳ್ಳೆಯದಾಗಲಿ ಎಂದು ಬರೆಯುವುದು ಬಿಟ್ಟು ನನ್ನ ಕೈಯಲ್ಲಿ ಬೇರೇನೂ ಇಲ್ಲ, ಅದನ್ನೇ ಬರೆಯುತ್ತಿದ್ದೇನೆ.

ಇಂತು, ಹೇಗಿದ್ದರೂ ನಿನ್ನವನೇ ಆದ
ಕಂಪ್ಲೇಂಟ್ ಸಾಹೇಬ

ತಾ.ಕ.: ಕವರಿಗೆ ಅಂಟು ಹಚ್ಚಿದ್ದೆ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಇಷ್ಟುದ್ದ ಬರೆದರೂ ಹೇಳಬೇಕಾದದ್ದನ್ನು ಹೇಳಿಲ್ಲ. ಸ್ಕ್ಯಾನಿಂಗಿನ ದಿನ ರಾತ್ರಿ ಊಟವಾದ ಮೇಲೆ ನೀನು ಮಂಚದ ಮೇಲೆ ಕೂತಿದ್ದೆ. ನಾನು ನೆಲದ ಮೇಲೆ ಕೂತು, ದಿನಾ ಮಾಡುವ ಹಾಗೆ, ನಿನ್ನ ಹೊಟ್ಟೆಗೆ ಬಾಯಿಟ್ಟು ಮಗುವಿನ ಜೊತೆ ಮಾತಾಡಿದೆ. ಪೈಪು ಒಡೆದ ಕಥೆ ಪೂರ್ತಿ ಹೇಳಿದೆ, ನಿನ್ನ ಸ್ನಾನಕ್ಕೆ ಮಾತ್ರ ನೀರು ತಪ್ಪಿಸಲ್ಲ ಕಣೋ ಎಂದು ಮಾತು ಕೊಟ್ಟೆ. ಹತ್ತು ನಿಮಿಷವಾದರೂ ಆಗಿರಬೇಕು. ನಿನಗೆ ಗೊತ್ತಿತ್ತು. ನನ್ನ ತಲೆಗೂದಲಲ್ಲಿ ಕೈಯಾಡಿಸುತ್ತ ಕೂತಿದ್ದೆ, ತಡೆಯಲಿಲ್ಲ. ಯಾಕೆ ತಡೆಯಲಿಲ್ಲ? ನನಗೆ ನಿನ್ನ ಮೇಲೆ ಸಿಟ್ಟು ಬಂದಿದೆ. ಎಂಟು ವಾರದಿಂದ ಇದೆ, ಬೆಳಗ್ಗೆ ಎದ್ದಾಗಲೂ ಇರುತ್ತದೆ, ನಿನ್ನ ನೋವಿನ ಮುಂದೆ ನನಗೆ ಸಿಟ್ಟಾಗುವ ಹಕ್ಕಿಲ್ಲ ಎಂದುಕೊಂಡು ನುಂಗಿದ್ದೆ. ಅದು ನನ್ನ ಮಗುವೂ ಹೌದು. ನೀನೊಬ್ಬಳೇ ಒಂದು ರಾತ್ರಿ ಅದನ್ನು ಇಟ್ಟುಕೊಂಡು ಕೂತೆ, ನನ್ನನ್ನು ಹೊರಗಿಟ್ಟೆ. ಇಷ್ಟೇ ನಾನು ಹೇಳಬೇಕಾಗಿದ್ದದ್ದು. ಬರೆದದ್ದನ್ನು ಹೊಡೆದುಹಾಕುವುದಿಲ್ಲ. ಈಗ ನೀನು ಬರೆ. ನಾನು ನಕ್ಕದ್ದಕ್ಕೆ, ಸ್ಕ್ಯಾನಿಂಗಿಗೆ ಬರದಿದ್ದದ್ದಕ್ಕೆ, ಎಲ್ಲದಕ್ಕೂ ಬೈದು ಬರೆ. ಒಳ್ಳೆಯ ಮಾತು ಒಂದೂ ಬೇಡ.